ಉಗುರಿಗೆ ಸಿಗದ ಹೆಸರು

ಕೋಲು ಮುಗಿದಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ನುಣ್ಣಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಗಾಳದ ಕೋಲನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಹೆಬ್ಬೆರಳಿನ ಉಗುರನ್ನು ಬೆಂಡಿನ ಹಿಡಿಯ ಅಂಚಿನಿಂದ ದಾರ ಹಾಯುವ ಮೊದಲ ಉಂಗುರದವರೆಗೆ ಮೆಲ್ಲಗೆ ಎಳೆಯುತ್ತಿದ್ದ. ಆ ದಾರಿಯಲ್ಲಿ ಬಣ್ಣದ ದಾರದ ಸುತ್ತುಗಳಿರುತ್ತವೆ, ಅವುಗಳ ನಡುವೆ ಹೆಸರಿರುತ್ತದೆ, ಎಲ್ಲದರ ಮೇಲೆ ಗಾಜಿನಂಥ ರಾಳವಿರುತ್ತದೆ. ಉಗುರು ಎಲ್ಲಿಯಾದರೂ ತಡೆದರೆ ಕೋಲು ಮುಗಿದಿಲ್ಲ. ಎಲ್ಲಿಯೂ ತಡೆಯದೆ ಜಾರಿಹೋದರೆ ಕಣ್ಣು ತೆರೆದು, "ಆಯಿತು" ಎನ್ನುತ್ತಿದ್ದ. ಹೆಸರು ಕಣ್ಣಿಗೆ ಕಾಣಬೇಕು, ಕೈಗೆ ಸಿಗಬಾರದು. ಕಸುಬಿಗೆ ಬಿದ್ದ ಕಾಲದಿಂದ ಅವನು ಹಿಡಿದುಕೊಂಡು ಬಂದ ನಿಯಮ ಇದು. ಬೀದಿಯವರು ಅವನಿಗೆ ನುಣ್ಣಪ್ಪನೆಂದು ಹೆಸರಿಟ್ಟಿದ್ದರು. ಅವನ ನಿಜವಾದ ಹೆಸರು ಅಕ್ಕನನ್ನು ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಅವಳೂ ಅದನ್ನು ಬಳಸುತ್ತಿರಲಿಲ್ಲ.

ಅಕ್ಕ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ಪಕ್ಕ ಕ್ಷೌರದವನ ಅಂಗಡಿ, ಇನ್ನೊಂದು ಪಕ್ಕ ಕೊಡೆ ರಿಪೇರಿ. ಅಕ್ಕ ಒಳಬಾಗಿಲ ಹೊಸ್ತಿಲ ಮೇಲೆ ಕೂತು ದಾರದ ಉಂಡೆಗಳನ್ನು ಬಣ್ಣಕ್ಕೆ ತಕ್ಕಂತೆ ಜೋಡಿಸುತ್ತಿದ್ದಳು, ಬಂದವರನ್ನು ಮಾತಾಡಿಸುತ್ತಿದ್ದಳು, ತಮ್ಮನನ್ನು ಬಯ್ಯುತ್ತಿದ್ದಳು. ಇಬ್ಬರಿಗೂ ದೇವರಲ್ಲಿ ಗಟ್ಟಿ ನಂಬಿಕೆ. ಅವಳದ್ದು ಬಾಯಿಬಿಟ್ಟು ಹೇಳುವ ಪ್ರಾರ್ಥನೆ. ಅವನದ್ದು ಕೆಲಸದ ನಡುವೆ ಮನಸ್ಸಿನಲ್ಲೇ ಮುಗಿಯುವಂಥದ್ದು.

ಡ್ರೈವರು ಮೊದಲ ಸಲ ಬಂದಾಗ ಬಾಗಿಲ ಚೌಕಟ್ಟನ್ನು ಕೈಯಲ್ಲಿ ಹಿಡಿದುಕೊಂಡು ನಿಂತು, "ಗಾಳದ ಕೋಲು ಕಟ್ಟೋರು ಇದಾರಾ?" ಎಂದು ಕೇಳಿದರು.

"ನಿಮ್ಮ ಮುಂದೇನೇ ಕೂತಿದಾನಲ್ಲ," ಅಂದಳು ಅಕ್ಕ.

"ತಪ್ಪು ತಿಳೀಬೇಡಿ ತಾಯಿ. ಒಂದು ಕಣ್ಣು ರಜ ಹಾಕಿದೆ. ಇನ್ನೊಂದು ಅದರ ಡ್ಯೂಟಿನೂ ಸೇರಿಸಿ ಮಾಡ್ತಿದೆ."

ಅವರು ಬಾಳೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. ಕೂತ ಮೇಲೆ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಗಾಳದ ಕೊಕ್ಕೆಗಳನ್ನು ಹಾಕಿಡುವ ಡಬ್ಬಿ. ಅದರ ಮುಚ್ಚಳದ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದ ಒಂದು ಹೆಸರಿತ್ತು. ಮೂರೇ ಅಕ್ಷರ. ಕೊನೆಯ ಅಕ್ಷರದ ಬಾಲವನ್ನು ಬರೆದವರು ಬೇಕೆಂದೇ ಉದ್ದಕ್ಕೆ ಎಳೆದಿದ್ದರು, ಎಳೆದು ತುದಿಯಲ್ಲಿ ಮೇಲಕ್ಕೆ ಚಿಮ್ಮಿಸಿದ್ದರು. ಆದರೆ ಅದೆಲ್ಲ ಈಗ ಮಾಸಿತ್ತು. ಬೆಳಕಿಗೆ ಓರೆ ಹಿಡಿದರೆ ಮಾತ್ರ ಅಲ್ಲಿ ಏನೋ ಬರೆದಿದೆ ಎಂದು ತಿಳಿಯುತ್ತಿತ್ತು.

"ನನ್ನ ಹೆಂಡತಿ ಬರೆದದ್ದು," ಅಂದರು ಡ್ರೈವರು. "ಮೀನು ಹಿಡಿಯೋದರಲ್ಲಿ ನನಗಿಂತ ಅವಳೇ ಜಾಣೆ. ನಾನು ಬೆಳಗ್ಗಿಂದ ಕೂತರೂ ಒಂದು ಕಡ್ಡಿ ಅಲ್ಲಾಡ್ತಿರಲಿಲ್ಲ. ಅವಳು ಬುತ್ತಿ ತಗೊಂಡು ಬಂದು, ಅದನ್ನ ನನ್ನ ಕೈಗೆ ಕೊಟ್ಟು, ಕೋಲು ಕಿತ್ಕೊಂಡು, ನನ್ನ ಊಟ ಮುಗಿಯೋ ಅಷ್ಟರಲ್ಲಿ ಎರಡು ಎಳೆದಿರ್ತಿದ್ದಳು. ನನ್ನ ಹೆಸರಲ್ಲಿ ಒಂದು ಕೋಲಾದರೂ ಮಾಡಿಸಿಕೊಡಿ, ಈ ಡಬ್ಬಿ ಬಿಟ್ಟರೆ ನನ್ನ ಹೆಸರಿರೋ ವಸ್ತು ಈ ಮನೇಲಿ ಯಾವುದೂ ಇಲ್ಲ ಅಂತಿದ್ದಳು. ಮಾಡಿಸ್ತೀನಿ ಅಂದೆ. ಅಂತಾನೇ ಇದ್ದೆ."

ಅಕ್ಕ ದಾರದ ಉಂಡೆಯನ್ನು ಕೆಳಗಿಟ್ಟಳು.

"ಹೋದಮೇಲೆ ಈ ಮುಚ್ಚಳ ಸವರ್ತಾ ಕೂರೋದು ಅಭ್ಯಾಸ ಆಯಿತು. ಸವರಿ ಸವರಿ ನಾನೇ ಅಳಿಸಿಬಿಟ್ಟೆ ನೋಡಿ."

"ಮಬ್ಬಾಗಿದೆ, ಅಳಿಸಿಲ್ಲ," ಅಂದ ನುಣ್ಣಪ್ಪ. "ಫೋಟೋ ತೆಗೆದು ಗೆರೆ ಎದ್ದು ಕಾಣೋ ಹಾಗೆ ಮಾಡೋರು ಇದಾರೆ. ಅದನ್ನ ಡೆಕಲ್ ಹಾಳೆ ಮೇಲೆ ಅಚ್ಚು ಹಾಕಿಸ್ತೀನಿ. ನೀರಲ್ಲಿ ನೆನೆಸಿದರೆ ಹೆಸರು ಮಾತ್ರ ಈರುಳ್ಳಿ ಸಿಪ್ಪೆ ಥರ ಬಿಟ್ಟುಕೊಳ್ಳುತ್ತೆ. ಅದನ್ನ ಕೋಲಿನ ಮೇಲೆ ಕೂರಿಸಿ ರಾಳ ಎಳೆದರೆ ಮುಗೀತು. ಆಮೇಲೆ ನೀವು ಎಷ್ಟು ಸವರಿದರೂ ಅಳಿಯೋದಿಲ್ಲ."

"ಎಷ್ಟು ಸವರಿದರೂ?"

"ನಿಮ್ಮ ಬೆರಳು ಸವೆಯುತ್ತೆ, ಅದು ಸವೆಯೋದಿಲ್ಲ."

ಡ್ರೈವರು ನಕ್ಕರು. ಆಮೇಲೆ ನಗು ಇಳಿಸಿ ಹೇಳಿದರು: "ಒಂದೇ ಮಾತು. ಬೇಗ ಬೇಕು. ಉಳಿದಿರೋ ಈ ಕಣ್ಣಿನ ಹಿಂದೆ ಎಲ್ಲೋ ರಕ್ತ ಒಸರ್ತಿದೆಯಂತೆ. ಒಂದು ದಿನ ಜಾಸ್ತಿ ಒಸರಿದರೆ ಅಲ್ಲಿಗೆ ಲೈಟ್ ಆಫ್. ಯಾವತ್ತು ಅಂತ ಡಾಕ್ಟರಿಗೂ ಗೊತ್ತಿಲ್ಲ. ಅವಳ ಹೆಸರು ಅವಳು ಬರೆದ ಹಾಗೇ, ಹೊಸದಾಗಿ, ಆ ಬಾಲದ ಸಮೇತ ಒಂದು ಸಲ ನೋಡಬೇಕು. ಅಷ್ಟೇ. ಆಮೇಲೆ ಏನಾದರೂ ಆಗಲಿ."

"ಬರೋ ಭಾನುವಾರ," ಅಂದ ನುಣ್ಣಪ್ಪ. ಭಾನುವಾರಕ್ಕೆ ಮುಗಿಸುವುದು ಕಷ್ಟವೆಂದು ಅವನಿಗೆ ಗೊತ್ತಿತ್ತು. ಆದರೂ ಹೇಳಿದ, ಮಾಡುವ ಮನಸ್ಸಿನಿಂದಲೇ ಹೇಳಿದ.

ಹೆಸರು ಯಾವ ದಿಕ್ಕಿಗೆ ಕೂರಬೇಕೆಂದು ಗೊತ್ತುಮಾಡುವುದು ಇನ್ನೊಂದು ಕೆಲಸ. ಅದಕ್ಕಾಗಿ ಅವನು ಗೋಡೆಗೆ ಒರಗಿಸಿದ್ದ ಒಂದು ಹಳೆಯ ಕೋಲನ್ನು ಡ್ರೈವರ ಕೈಗೆ ಕೊಟ್ಟು ಹಿಡಿಯಲು ಹೇಳಿದ. ಬಲಗೈಯಲ್ಲಿ ಹಿಡಿಯುವವರು ಕೋಲನ್ನು ಮೈಮುಂದೆ ಅಡ್ಡ ತಂದುಕೊಂಡರೆ ಅದರ ತುದಿ ಎಡಕ್ಕೆ ಬರುತ್ತದೆ. ಅವರಿಗೆ ಹೆಸರು ತುದಿಯ ಕಡೆಯಿಂದ ಶುರುವಾಗಬೇಕು. ಎಡಗೈಯವರಿಗೆ ಇದು ತಿರುವುಮುರುವು.

"ಬಲಗೈ," ಅಂದ ಅವನು. "ಇನ್ನೊಂದು ವಿಷಯ ಇದೆ. ಕೆಲವರು ಹೆಸರು ತಮ್ಮ ಕಡೆಗೆ ಬೇಡ, ಎದುರಿಗಿರೋರು ಓದೋ ಹಾಗೆ ಇರಲಿ ಅಂತಾರೆ."

"ಎದುರಿನೋರಿಗೆ ಅವಳು ಏನಾಗಬೇಕು? ನನ್ನ ಕಡೆಗೆ ಇಡಿ."

ಅವರು ಹೋದ ಮೇಲೆ ಅಕ್ಕ ಮುಚ್ಚಳವನ್ನು ಕೈಗೆತ್ತಿಕೊಂಡು ತುಂಬ ಹೊತ್ತು ನೋಡಿದಳು. ಆ ಬಾಲದ ಮೇಲೆ ಬೆರಳಿಡಲು ಹೋದವಳು, ಇಡದೆ ತೆಗೆದಳು.

ಅಚ್ಚಿನ ಹಾಳೆ ಬಂದಿತು. ಕೆಟ್ಟುಹೋದರೆ ಇರಲೆಂದು ಒಂದೇ ಹಾಳೆಯ ಮೇಲೆ ಅದೇ ಹೆಸರನ್ನು ಹಲವು ಸಲ ಒತ್ತಿದ್ದರು. ಕಪ್ಪು ಕೋಲಿನ ಮೇಲೆ ಬಣ್ಣ ಮುಳುಗದಿರಲು ಕೆಳಗೊಂದು ಬಿಳಿ ಪದರ, ಅದರ ಮೇಲೆ ಬಂಗಾರದ ಬಣ್ಣ. ಮಾಸಿದ ಮುಚ್ಚಳದಿಂದ ಇಷ್ಟು ನಿಚ್ಚಳವಾದ ಅಕ್ಷರ ಹುಟ್ಟಿದ್ದನ್ನು ಕಂಡು ನುಣ್ಣಪ್ಪನಿಗೇ ಆಶ್ಚರ್ಯವಾಯಿತು. ಬರೆದವಳು ಹೇಗಿದ್ದಳೆಂದು ಅವನು ಕಂಡವನಲ್ಲ. ಆದರೂ ಆ ಬಾಲ ನೋಡಿದರೆ, ಗಂಡನ ಕೈಯಿಂದ ಕೋಲು ಕಿತ್ತುಕೊಳ್ಳುವ ಹೆಂಗಸು ಇವಳೇ ಎಂದು ನಂಬಬಹುದಾಗಿತ್ತು.

ಉಂಗುರಗಳನ್ನು ಕಟ್ಟಿ, ದಾರ ಸುತ್ತಿ, ಮೊದಲ ತೆಳು ರಾಳ ಹಾಕಿ ಒಣಗಿಸಿದ್ದ. ಹೆಸರು ಕೂರಿಸುವ ದಿನ ಬಾಗಿಲು ಎಳೆದುಕೊಂಡ. ಕೋಲನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಹಾಳೆಯಿಂದ ಒಂದು ಹೆಸರನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸಿದ, ಮೂಲೆಗಳನ್ನು ಗುಂಡಗೆ ಮಾಡಿದ. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತದೆ. ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು. ಕಾಗದ ನೀರಿಗೆ ಬಿದ್ದ ಕೂಡಲೇ ಸುರುಳಿ ಸುತ್ತಿಕೊಂಡಿತು, ಆಮೇಲೆ ತಾನೇ ಬಿಚ್ಚಿಕೊಂಡಿತು. ಈ ಹೊತ್ತಿನಲ್ಲಿ ಅವನ ತುಟಿ ಒಂದು ಸಲ ಅಲ್ಲಾಡುತ್ತಿತ್ತು. ದೇವರೇ, ಕೈ ನಡುಗದಿರಲಿ. ಅಷ್ಟೇ ಅವನ ಪ್ರಾರ್ಥನೆ.

ಹೆಸರು ಕಾಗದ ಬಿಟ್ಟು ಕೋಲಿನ ಮೇಲೆ ಜಾರಿತು. ನೀರಿನ ಹನಿಯ ಮೇಲೆ ತೇಲುತ್ತಿದ್ದ ಅದನ್ನು ಕುಂಚದ ತುದಿಯಿಂದ ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲಕ್ಕೆ ಸರಿಸಿ, ಉಂಗುರಗಳ ಗೆರೆಗೆ ಹೊಂದಿಸಿದ. ಒದ್ದೆ ಬಟ್ಟೆಯ ತುದಿಯಿಂದ ನಡುವಿನಿಂದ ಅಂಚಿಗೆ ಒತ್ತಿ ನೀರು ಹೊರದೂಡಿದ. ನೀರಿನ ಜೊತೆ ಗಾಳಿಯೂ ಹೋಗಬೇಕು. ಒಣಗಿದ ಮೇಲೆ ರಾಳ ಎಳೆದು, ಕೋಲನ್ನು ಉದ್ದನೆಯ ಮರದ ಪೆಟ್ಟಿಗೆಯೊಳಗೆ ಮೋಟಾರಿಗೆ ಸಿಕ್ಕಿಸಿ, ಮುಚ್ಚಳ ಹಾಕಿದ. ರಾಳ ಒಂದೇ ಕಡೆ ಇಳಿಯದಂತೆ ಕೋಲು ಒಳಗೆ ತಿರುಗುತ್ತಲೇ ಇರಬೇಕು. ಕೋಣೆಯಲ್ಲಿ ಜೇನುಗೂಡಿನಂಥ ಸದ್ದು ತುಂಬಿತು.

ಅದೇ ಮಧ್ಯಾಹ್ನ ಡ್ರೈವರು ಬಂದರು. ಕರೆದಿರಲಿಲ್ಲ. ಈ ಕಡೆ ಬಂದಿದ್ದೆ ಅಂದರು; ಈ ಕಡೆ ಅವರಿಗೆ ಬೇರೆ ಕೆಲಸವೇನೂ ಇರಲಿಲ್ಲವೆಂದು ಅಕ್ಕನಿಗೂ ತಿಳಿಯಿತು, ತಮ್ಮನಿಗೂ ತಿಳಿಯಿತು.

"ಹೆಸರು ಕೂರಿಸಿದಿರಾ?"

"ಕೂರಿಸಿದೆ. ಒಳಗೆ ತಿರುಗ್ತಿದೆ."

ಡ್ರೈವರು ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿದರು. ಬಸ್ಸಿನ ಎಂಜಿನ್ನಿಗೆ ಕಿವಿಗೊಡುವಂತೆ ಮುಚ್ಚಳಕ್ಕೆ ಕಿವಿಗೊಟ್ಟರು. "ನೋಡಬಹುದಾ?"

"ಈಗ ಬೇಡಿ ಡ್ರೈವರೇ. ರಾಳ ಹಸಿ ಇದೆ. ಮುಚ್ಚಳ ತೆಗೆದರೆ ಧೂಳು ಕೂರುತ್ತೆ."

"ಒಂದು ಸಲ ಎತ್ತಿ ಇಳಿಸಿಬಿಡಿ. ಉಸಿರು ಬಿಗಿ ಹಿಡ್ಕೊಂಡು ನೋಡ್ತೀನಿ."

"ಒಂದು ಕಣ ಧೂಳು ಸಾಕು, ಉಗುರಿಗೆ ಸಿಗುತ್ತೆ. ಭಾನುವಾರ ಕಣ್ತುಂಬ ನೋಡಿ."

"ಅವನು ಹಾಗೇ," ಅಂದಳು ಅಕ್ಕ. "ದೇವರು ಬಂದು ಕೇಳಿದರೂ ಮುಚ್ಚಳ ತೆಗೆಯೋದಿಲ್ಲ. ಕಾಲು ಒರೆಸ್ಕೊಂಡು ಬಾ ಅಂತಾನೆ."

ಡ್ರೈವರು ನಕ್ಕು ನೆಟ್ಟಗಾದರು. ಹೋಗುವಾಗ ಪೆಟ್ಟಿಗೆಯ ಮೇಲೆ ಒಂದು ಸಲ ಅಂಗೈ ಇಟ್ಟು ತೆಗೆದರು.

ಶನಿವಾರ ಬೆಳಗ್ಗೆ ನುಣ್ಣಪ್ಪ ಕೋಲನ್ನು ಹೊರಗೆ ತೆಗೆದ. ಚೆನ್ನಾಗಿತ್ತು. ಕಪ್ಪಿನ ಮೇಲೆ ಬಂಗಾರದ ಹೆಸರು ಈಗಷ್ಟೇ ಬರೆದು ಎದ್ದುಹೋದಂತೆ ಇತ್ತು. ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಉಗುರು ಬೆಂಡಿನ ಅಂಚು ದಾಟಿತು, ದಾರ ದಾಟಿತು, ಹೆಸರನ್ನು ಹೊಕ್ಕಿತು. ಬಾಲ ಶುರುವಾಗುವ ಕಡೆ ತಡೆಯಿತು.

ಇನ್ನೊಂದು ಸಲ ಎಳೆದ. ಅಲ್ಲೇ ತಡೆಯಿತು. ಸಾಸಿವೆ ಕಾಳಿಗಿಂತ ಚಿಕ್ಕದು, ಒಂದು ಉಬ್ಬು. ಕಣ್ಣು ತೆರೆದು ದೀಪಕ್ಕೆ ಹಿಡಿದು ನೋಡಿದರೆ ಏನೂ ಕಾಣಲಿಲ್ಲ. ಭೂತಗನ್ನಡಿ ಇಟ್ಟ ಮೇಲೆ ಬಂಗಾರದ ಗೆರೆಯ ಕೆಳಗೆ ಒಂದು ಸಣ್ಣ ಗಾಳಿಗುಳ್ಳೆ ಬೆಳ್ಳಗೆ ಕಂಡಿತು. ಒದ್ದೆ ಬಟ್ಟೆಯಿಂದ ತಪ್ಪಿಸಿಕೊಂಡು ಉಳಿದುಕೊಂಡದ್ದು.

"ಏನಾಯಿತು? ಹೆಣ ನೋಡಿದ ಹಾಗೆ ಕೂತಿದೀಯ," ಅಂದಳು ಅಕ್ಕ.

"ಗುಳ್ಳೆ."

ಅವಳು ಬಂದು ಬಗ್ಗಿ ನೋಡಿದಳು. "ಎಲ್ಲಿ?"

"ಇಲ್ಲಿ. ಬಾಲ ತಿರುಗೋ ಕಡೆ."

"ನನಗೆ ಕಾಣಲಿಲ್ಲ. ನಿನಗೆ ಕಾಣುತ್ತಾ?"

"ಕಾಣೋದಿಲ್ಲ. ಉಗುರಿಗೆ ಸಿಗುತ್ತೆ."

"ಹಾಗಾದರೆ ಉಗುರು ಕತ್ತರಿಸ್ಕೋ."

ಅವನು ನಗಲಿಲ್ಲ. "ಇವತ್ತು ಇಷ್ಟಿದೆ. ನಾಲ್ಕು ಬೇಸಿಗೆ ಬಿಸಿಲು ತಿಂದರೆ ಹಿಗ್ಗಿ ಬಿಳಿ ಮಚ್ಚೆ ಆಗುತ್ತೆ."

"ನಾಲ್ಕು ಬೇಸಿಗೆ ಆದಮೇಲೆ ನೋಡೋದಕ್ಕೆ ಅವರಿಗೆ ಕಣ್ಣು ಎಲ್ಲಿರುತ್ತೋ? ನಾಳೆ ಬರ್ತಾರೆ. ಕೊಡು. ನೋಡಲಿ. ಆಮೇಲೆ ಬೇಕಾದರೆ ವಾಪಸ್ ತಗೊಂಡು ಸರಿಮಾಡಿ ಕೊಡು."

ಅದು ಸರಿಯಾದ ಮಾತಾಗಿತ್ತು. ಅವನ ತಲೆಗೂ ಹೋಯಿತು. ಆದರೆ ಅವನ ಹೆಬ್ಬೆರಳು ಆಗಲೇ ಆ ಉಬ್ಬಿನ ಮೇಲೆ ಹಿಂದೆ ಮುಂದೆ ಆಡುತ್ತಿತ್ತು, ಹಲ್ಲಿನ ಸಂದಿಗೆ ನಾಲಗೆ ಹೋಗುವಂತೆ.

"ಸತ್ತವಳ ಹೆಸರು ಅಕ್ಕ. ಕೆಳಗೆ ಗಾಳಿ ಬಿಟ್ಟು ಕೊಡಲಾ? ಪಾಪ, ಅವರು ಏನೂ ತಿಳೀದೆ ಚೆನ್ನಾಗಿದೆ ಅಂತ ತಗೊಂಡು ಹೋಗ್ತಾರೆ. ಅದು ಮೋಸ."

"ಮೋಸ ಅಲ್ಲ ಕಣೋ. ಅದಕ್ಕೆ ಬೇರೆ ಹೆಸರಿದೆ. ನನಗೆ ಈಗ ಬಾಯಿಗೆ ಬರ್ತಿಲ್ಲ," ಅಂದು ಅವಳು ಒಳಗೆ ಹೋದಳು.

ಅವನು ಡ್ರೈವರಿಗೆ ಫೋನು ಮಾಡಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಗುಳ್ಳೆ ಎಷ್ಟು ದೊಡ್ಡದು, ಎಲ್ಲಿದೆ, ಕಣ್ಣಿಗೆ ಕಾಣುವುದಿಲ್ಲ, ಆದರೆ ಇದೆ. ತೆಗೆದು ಹೊಸದಾಗಿ ಕೂರಿಸಬೇಕು, ಇನ್ನೊಂದು ವಾರ ಬೇಕು. ಇವನು ಕೇಳಿಸಿಕೊಳ್ಳಲು ಬಯಸಿದ್ದು, ಏನೂ ಬೇಡ, ಹಾಗೇ ಕೊಡಿ ಎಂಬ ಮಾತನ್ನೇ. ಆ ಮಾತು ಬಂದಿದ್ದರೆ ಕೊಟ್ಟುಬಿಡುತ್ತಿದ್ದ.

"ಬ್ರೇಕ್ ಒಂದು ಚೂರು ಸಡಿಲ ಅನ್ನಿಸಿದರೆ ನಾನೂ ಗಾಡಿ ತೆಗೀತಿರಲಿಲ್ಲ," ಅಂದರು ಡ್ರೈವರು. "ಪ್ಯಾಸೆಂಜರುಗಳು ಬಾಯಿಗೆ ಬಂದ ಹಾಗೆ ಬಯ್ಯೋರು. ಬಯ್ಯಲಿ ಅಂತ ಕೂತಿರ್ತಿದ್ದೆ. ನಿಮ್ಮ ಕೆಲಸ ನಿಮಗೆ ಗೊತ್ತು. ಸರಿಮಾಡಿಯೇ ಕೊಡಿ."

ಕಸುಬು ಬಲ್ಲ ಇಬ್ಬರು ಒಬ್ಬರನ್ನೊಬ್ಬರು ಗೌರವಿಸಿದರು. ಅದರಿಂದ ಆದದ್ದು ಇಷ್ಟು.

ನುಣ್ಣಪ್ಪ ರಾಳವನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ, ಮರದ ಚೂರಿಯಿಂದ ಎಬ್ಬಿಸಿ, ಹೆಸರನ್ನು ಕಿತ್ತ. ಅದು ಚೂರುಚೂರಾಗಿ ಬಂದು ಉಗುರಿನ ಸಂದಿಯಲ್ಲಿ ಬಂಗಾರದ ಪುಡಿಯಾಗಿ ಸೇರಿಕೊಂಡಿತು. ಮತ್ತೆ ಒರೆಸಿದ, ಮತ್ತೆ ತೆಳು ರಾಳ, ಮತ್ತೆ ಒಣಗಲು ಬಿಟ್ಟ. ಹಾಳೆಯಿಂದ ಎರಡನೆಯ ಹೆಸರನ್ನು ಕತ್ತರಿಸಿ ನೀರಿಗೆ ಬಿಟ್ಟಾಗ ಪ್ರಾರ್ಥನೆಯನ್ನು ಬಾಯಿಬಿಟ್ಟೇ ಹೇಳಿದ. ಕೈ ನಡುಗಲಿಲ್ಲ. ಈ ಸಲ ಹೆಸರು ಕೋಲಿನ ಮೇಲೆ ಹುಟ್ಟಿನಿಂದಲೇ ಇದ್ದಂತೆ ಕೂತಿತು. ಬಟ್ಟೆಯಿಂದ ಒತ್ತಿದ, ಒತ್ತಿದ ಜಾಗವನ್ನೇ ಮತ್ತೆ ಒತ್ತಿದ. ಭೂತಗನ್ನಡಿಯಲ್ಲಿ ಅಂಚಿನಿಂದ ಅಂಚಿಗೆ ನೋಡಿದ. ಗಾಳಿಯ ಗುರುತೇ ಇರಲಿಲ್ಲ. ತನ್ನ ಬಾಳಿನಲ್ಲಿ ಇಷ್ಟು ಚೆನ್ನಾಗಿ ಒಂದನ್ನೂ ಕೂರಿಸಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಅದು ನಿಜವೂ ಆಗಿತ್ತು.

ಕೊನೆಯ ರಾಳ ಹಾಕಿ ಮುಚ್ಚಳ ಮುಚ್ಚಿದ್ದಾಗ ಡ್ರೈವರ ಮಗಳು ಬಂದಳು. ನಡುವಯಸ್ಸಿನ ಹೆಂಗಸು; ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಅಂಗಡಿಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು. ನಿಂತುಕೊಂಡೇ ಮಾತಾಡಿದಳು.

"ಅಪ್ಪ ಹೇಳಿಬಾ ಅಂದರು. ಅವಸರ ಇಲ್ಲವಂತೆ. ಕೋಲು ನಿಧಾನಕ್ಕೆ ಮಾಡಿ ಅಂದರು."

ನುಣ್ಣಪ್ಪನಿಗೆ ಅರ್ಥವಾಗಲಿಲ್ಲ. ಅಕ್ಕನಿಗೆ ಆಗಲೇ ಆಗಿತ್ತು. ಅವಳು ಹೊಸ್ತಿಲಿನಿಂದ ಎದ್ದಳು.

"ಯಾವಾಗ ಮಗಳೇ?"

"ಮಂಗಳವಾರ. ಬೆಳಗ್ಗೆ ಎದ್ದು, ಯಾಕೆ ಇನ್ನೂ ಯಾರೂ ಕಿಟಕಿ ತೆಗೆದಿಲ್ಲ ಅಂತ ಕೇಳಿದರು. ಕಿಟಕಿ ತೆಗೆದೇ ಇತ್ತು." ಅವಳು ಕೊರಳಿನ ಚೀಟಿಯನ್ನು ತಿರುಗಿಸಿ ತಿರುಗಿಸಿ ಹಿಡಿಯುತ್ತಿದ್ದಳು. "ಆಸ್ಪತ್ರೆಗೆ ಹೋಗಿ ಬಂದೆವು. ಇನ್ನು ಕಣ್ಣು ಬರೋದಿಲ್ಲ ಅಂದರು."

ಪೆಟ್ಟಿಗೆಯೊಳಗಿನ ಸದ್ದು ನಡೆದೇ ಇತ್ತು. ಅಕ್ಕ ಆ ಹೆಂಗಸಿನ ತಲೆ ಸವರಿ, ಒಳಗೆ ಕರೆದುಕೊಂಡು ಹೋಗಿ ನೀರು ಕೊಟ್ಟಳು. ನುಣ್ಣಪ್ಪ ಮೋಟಾರನ್ನು ನೋಡುತ್ತ ಕೂತಿದ್ದ. ಈಗ ನಿಲ್ಲಿಸಿದರೆ ರಾಳ ಇಳಿದು ಕೋಲು ಹಾಳಾಗುತ್ತದೆ. ನಿಲ್ಲಿಸಲಿಲ್ಲ.

ಭಾನುವಾರ ಡ್ರೈವರು ಬಂದರು. ಮಗಳು ಮುಂದೆ, ಅವಳ ಭುಜದ ಮೇಲೆ ಅವರ ಕೈ. ಗಡ್ಡ ನೀಟಾಗಿ ಕೆರೆಸಿಕೊಂಡಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಹೊಸ್ತಿಲನ್ನು ಕಾಲಿನಿಂದ ಹುಡುಕಿ ದಾಟಿದರು.

"ಬಂದೆ," ಅಂದರು ಡ್ರೈವರು. "ನೋಡೋದಕ್ಕಲ್ಲ, ತಗೊಂಡು ಹೋಗೋದಕ್ಕೆ."

ನುಣ್ಣಪ್ಪ ಕೋಲನ್ನು ಅವರ ಬಲಗೈಗೆ ಕೊಟ್ಟ. ಅವರು ಬೆಂಡಿನ ಹಿಡಿಯನ್ನು ಅಮುಕಿ ನೋಡಿದರು, ತುದಿಯನ್ನು ಎಡಕ್ಕೆ ತಿರುಗಿಸಿ ಮೈಮುಂದೆ ತಂದುಕೊಂಡರು, ಮೊದಲ ದಿನ ಹಿಡಿದು ತೋರಿಸಿದ್ದಂತೆಯೇ. ತಲೆ ಬಗ್ಗಿಸಿದರು. ಹೆಸರು ಅವರ ಮುಖಕ್ಕೆ ನೇರವಾಗಿ, ಓದುವ ದೂರದಲ್ಲಿ ಇತ್ತು.

"ಹೇಗೆ ಬಂದಿದೆ? ಹೇಳಿ."

ನುಣ್ಣಪ್ಪ ಬಾಯಿ ತೆರೆದ. "ಚೆನ್ನಾಗಿ ಬಂದಿದೆ. ಅಂಚು ಕಾಣೋದಿಲ್ಲ. ಗುಳ್ಳೆ ಇಲ್ಲ. ಸುಕ್ಕಿಲ್ಲ. ಧೂಳಿಲ್ಲ." ಒಳ್ಳೆಯ ಕೆಲಸವೆಂದರೆ ಏನೇನು ಇಲ್ಲ ಎಂದು ಹೇಳುವುದಷ್ಟೇ ಅವನಿಗೆ ಬರುತ್ತಿತ್ತು.

"ಬಾಲ?" ಎಂದು ಕೇಳಿದರು ಡ್ರೈವರು.

"ಬಾಲ ಇದೆ. ಹಾಗೇ ಇದೆ."

"ಬಂಗಾರದ ಬಣ್ಣ ಅಪ್ಪ," ಅಂದಳು ಮಗಳು. "ಅಮ್ಮ ಬರೆದ ಹಾಗೇ ಇದೆ. ತುದೀಲಿ ಹಾಗೆ ಮೇಲಕ್ಕೆ..." ಅವಳು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಲು ಹೋದಳು. ಯಾರಿಗೆ ತೋರಿಸುತ್ತಿದ್ದೇನೆಂದು ನೆನಪಾಗಿ ಕೈ ಇಳಿಸಿದಳು.

ಡ್ರೈವರು ಹೆಬ್ಬೆರಳಿನಿಂದ ಕೋಲನ್ನು ಸವರತೊಡಗಿದರು. ಬೆಂಡಿನಿಂದ ಮೇಲಕ್ಕೆ, ಮೇಲಿನಿಂದ ಬೆಂಡಿಗೆ. ಉಂಗುರ ಸಿಕ್ಕಿತು, ಹಿಂದಕ್ಕೆ ಬಂದರು. ಇನ್ನೊಂದು ಸಲ. ಅವರ ಹುಬ್ಬು ಕೂಡಿತು.

"ಎಲ್ಲಿದೆ?"

ನುಣ್ಣಪ್ಪ ಅವರ ಹೆಬ್ಬೆರಳನ್ನು ಹಿಡಿದು ಮೊದಲ ಅಕ್ಷರದ ಮೇಲೆ ಇಟ್ಟ. "ಇಲ್ಲಿ ಶುರು." ಮೆಲ್ಲಗೆ ಸರಿಸಿದ. "ಇದು ಎರಡನೇದು. ಇದು ಮೂರನೇದು. ಇಲ್ಲಿಂದ ಬಾಲ."

"ಏನೂ ಸಿಗ್ತಿಲ್ಲವಲ್ಲ."

"ಸಿಗಬಾರದು ಅಂತಲೇ..." ಅಂದ ನುಣ್ಣಪ್ಪ.

ಅವನು ಬೆರಳು ಬಿಟ್ಟ ಮೇಲೆ ಡ್ರೈವರು ತಾವೇ ಆ ಜಾಗವನ್ನು ಮತ್ತೆ ಹುಡುಕಲು ನೋಡಿದರು. ತಪ್ಪಿತು. ದಾರದ ಮೇಲೆ ಹೋಗಿ ನಿಂತಿತು. ಅದೂ ನುಣುಪು, ಇದೂ ನುಣುಪು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಮೊದಲು ಹಾಕಿದ್ದರಲ್ಲಿ ಒಂದು ಗುಳ್ಳೆ ಇತ್ತು ಅಂದಿದ್ದಿರಲ್ಲ," ಅಂದರು ಡ್ರೈವರು, ಬೆರಳನ್ನು ಅಲ್ಲಾಡಿಸದೆ. "ಅದು ಎಲ್ಲಿತ್ತು?"

"ಬಾಲ ತಿರುಗೋ ಕಡೆ."

"ಬೆರಳಿಗೆ ಸಿಗ್ತಿತ್ತಾ?"

ಅಕ್ಕ ತಮ್ಮನ ಮುಖವನ್ನೇ ನೋಡುತ್ತಿದ್ದಳು. ಇಲ್ಲವೆನ್ನಬಹುದಾಗಿತ್ತು. ಉಗುರಿಗೆ ಮಾತ್ರ, ಕಸುಬಿನವನ ಉಗುರಿಗೆ ಮಾತ್ರ ಎನ್ನಬಹುದಾಗಿತ್ತು.

"ಸಿಗ್ತಿತ್ತು," ಅಂದ ನುಣ್ಣಪ್ಪ.

ಡ್ರೈವರು ತಲೆಯಾಡಿಸಿದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಇವನು ಅದಕ್ಕೆ ಒಂದು ಉತ್ತರವನ್ನಾದರೂ ಹುಡುಕುತ್ತಿದ್ದ.

"ಅದೇ ಜಾಗದಲ್ಲಿ ಒಂದು ಹನಿ ರಾಳ ಇಟ್ಟು ಉಬ್ಬಿಸಿ ಕೊಡ್ತೀನಿ," ಅಂದ. "ಗುರುತು ಸಿಗೋ ಹಾಗೆ. ಕೈ ಇಟ್ಟ ಕೂಡಲೇ ಸಿಗುತ್ತೆ. ಒಣಗೋದಕ್ಕೆ..."

"ಮತ್ತೆ ಒಂದು ವಾರನಾ?" ಅಂದು ಡ್ರೈವರು ನಕ್ಕರು. "ಬಿಡಿ. ಅವಳು ಬರೆದದ್ದು ಬೇಕಾಗಿತ್ತು ನನಗೆ. ನೀವು ಇಟ್ಟ ಹನಿ ತಗೊಂಡು ಏನು ಮಾಡಲಿ?"

ಆಮೇಲೆ, ಯಾರಿಗೆಂದು ಇಲ್ಲದೆ, ಮೆಲ್ಲಗೆ ಹೇಳಿದರು: "ದೇವರ ಹತ್ತಿರ ಬೇರೆ ಏನೂ ಕೇಳಿರಲಿಲ್ಲ. ಒಂದು ಭಾನುವಾರ ಕೊಡಪ್ಪ ಅಂದಿದ್ದೆ. ಕೊಟ್ಟಿದ್ದ. ನಾವೇ ತಗೊಳ್ಳಲಿಲ್ಲ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲದಕ್ಕೂ ಒಂದು ಪ್ರಾರ್ಥನೆ ಬಲ್ಲವಳು, ಇದಕ್ಕೆ ಯಾವುದನ್ನೂ ಹೇಳಲಿಲ್ಲ. ಕೇಳಿದ್ದನ್ನು ದೇವರು ಕೊಡದಿದ್ದರೆ ಇನ್ನೊಮ್ಮೆ ಕೇಳಬಹುದು. ಕೊಟ್ಟದ್ದನ್ನು ನಾವೇ ತೆಗೆದುಕೊಳ್ಳದೆ ಹೋದರೆ, ಮತ್ತೆ ಯಾವ ಮುಖ ಇಟ್ಟುಕೊಂಡು ಕೇಳುವುದು?

ಅವರು ಹೊರಟರು. ಬಲಗೈ ಮಗಳ ಭುಜಕ್ಕೆ ಬೇಕಾದ್ದರಿಂದ ಕೋಲು ಎಡಗೈಗೆ ಹೋಯಿತು. ಎಡಗೈಗೆ ಹೋದದ್ದರಿಂದ ಹೆಸರು ಅವರಿಗೆ ತಲೆಕೆಳಗಾಗಿ, ಎದುರು ಬರುವವರಿಗೆ ನೇರವಾಗಿ ತಿರುಗಿತು. ನುಣ್ಣಪ್ಪ ಅದನ್ನು ಬಾಗಿಲಿನಿಂದ ನೋಡಿದ. ಕೂಗಿ ಹೇಳಲು ಅದರಲ್ಲಿ ಏನೂ ಇರಲಿಲ್ಲ.

ಪಕ್ಕದ ಕ್ಷೌರದವನು ಟವಲು ಕೊಡವಲು ಮೆಟ್ಟಿಲಿಗೆ ಬಂದಿದ್ದ. ಬಿಸಿಲಿಗೆ ಹೊಳೆದ ಕೋಲನ್ನು ಕಂಡು, ಬಗ್ಗಿ, ಆ ಮೂರು ಅಕ್ಷರಗಳನ್ನು ಗಟ್ಟಿಯಾಗಿ ಓದಿದ. "ಚೆನ್ನಾಗಿದೆಯಲ್ಲ ಯಜಮಾನರೇ. ಯಾರಿವರು?"

ಡ್ರೈವರು ನಿಂತರು. ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಓದೋದಕ್ಕೆ ಬಂತಾ ನಿಮಗೆ?"

"ಬರದೆ ಏನು, ಕನ್ನಡಿ ಥರ ಇದೆ."

"ಹೂಂ," ಅಂದರು ಡ್ರೈವರು. "ನಡಿಯಮ್ಮ," ಎಂದು ಮಗಳಿಗೆ ಹೇಳಿದರು.

ನುಣ್ಣಪ್ಪ ಒಳಗೆ ಬಂದು ಮೇಜಿನ ಮುಂದೆ ಕೂತ. ಅಚ್ಚಿನ ಹಾಳೆಯಲ್ಲಿ ಉಳಿದ ಹೆಸರುಗಳು ಹಾಗೆಯೇ ಇದ್ದವು, ಸಾಲಾಗಿ, ಎಲ್ಲವೂ ಬಾಲ ಚಿಮ್ಮಿಸಿಕೊಂಡು. ಎಸೆಯುವಂತಿರಲಿಲ್ಲ, ಇನ್ನಾರ ಕೋಲಿಗೂ ಹಾಕುವಂತಿರಲಿಲ್ಲ. ಪೆಟ್ಟಿಗೆಯೊಳಗೆ ಬೇರೆ ಯಾರಿಗೋ ಕಟ್ಟಿದ ಕೋಲು ಹಸಿ ರಾಳ ಹೊತ್ತು ತಿರುಗುತ್ತಿತ್ತು. ಅಕ್ಕ ಊಟಕ್ಕೆ ಕರೆದಳು. ಅವನು ಎದ್ದು, ಪೆಟ್ಟಿಗೆಯ ಹತ್ತಿರ ಹೋಗಿ, ಅದರ ಮುಚ್ಚಳವನ್ನು ಎತ್ತಿ ಗೋಡೆಗೆ ಒರಗಿಸಿದ. ಬಾಗಿಲನ್ನೂ ಪೂರ್ತಿ ತೆರೆದ.

ಅಕ್ಕ ಕೈಯಲ್ಲಿ ತಟ್ಟೆ ಹಿಡಿದು ಬಂದವಳು ಅದನ್ನು ನೋಡಿದಳು. ಬೀದಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳು ತೇಲಿಕೊಂಡು ಒಳಗೆ ಬರುತ್ತಿತ್ತು, ತಿರುಗುವ ಕೋಲಿನ ಮೇಲೆ, ಉಗುರಿಗೆ ಸಿಗುವಂತೆ, ಒಂದೊಂದೇ ಕಣವಾಗಿ ಇಳಿಯುತ್ತಿತ್ತು.